ಕುದುರೆಮುಖದ ಕಾಲುದಾರಿ ಪಕ್ಕದಲ್ಲಿ ಗಿಡ ಎಣಿಸುವ ಕೆಲಸ

ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹತ್ತುವ ದಾರಿಯ ಪಕ್ಕದಲ್ಲಿ ಚಾರಣಿಗರ ತುಳಿತದಿಂದ ಏನಾಗುತ್ತಿದೆ ಅಂತ ನೋಡಲು ನಾವು ಗಿಡಗಳ ಲೆಕ್ಕ ಇಡುತ್ತೇವೆ. 1987ರಿಂದ ಇದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಂಥ ಕೆಲಸ ಮಾಡುವಂತಿಲ್ಲ.

ವಿಧಾನ ಸರಳ. ಪಿವಿಸಿ ಪೈಪಿನಲ್ಲಿ 1 ಮೀಟರ್ ಉದ್ದಗಲದ ಚೌಕ ಮಾಡಿಕೊಂಡಿದ್ದೇವೆ. ದಾರಿಯ ಅಂಚಿನಲ್ಲಿ ಒಂದು ಸಲ, 5 ಮೀಟರ್ ಆಚೆ ಒಂದು ಸಲ, 20 ಮೀಟರ್ ಆಚೆ ಇನ್ನೊಂದು ಸಲ ಇಡುತ್ತೇವೆ. ಒಳಗೆ ಯಾವ ಗಿಡ ಇದೆ, ಬರಿ ಮಣ್ಣು ಎಷ್ಟಿದೆ ಅಂತ ಬರೆದುಕೊಳ್ಳುತ್ತೇವೆ. ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಇದಕ್ಕೆ ಒಳ್ಳೆ ಸಮಯ. ಬೇಸಿಗೆಯಲ್ಲಿ ಹೋದರೆ ಒಣಹುಲ್ಲು ಬಿಟ್ಟು ಜಾಸ್ತಿ ಏನೂ ಸಿಗುವುದಿಲ್ಲ. ಇಂಬಳದ ಕಾಟ ಇದ್ದಿದ್ದೇ.

ಜಾತಿಗಳ ಸಂಖ್ಯೆಯನ್ನಷ್ಟೇ ನೋಡಿದರೆ ಅಂಚಿನ ಚೌಕದಲ್ಲಿ ಎಲ್ಲ ಸರಿಯಿದೆ ಅನಿಸುತ್ತದೆ. ಕೆಲವು ಕಡೆ ಒಳಗಿನದಕ್ಕಿಂತ ಅಲ್ಲೇ ಜಾಸ್ತಿ. ಆದರೆ ಹೆಸರುಗಳನ್ನು ಓದಬೇಕು. ಕೆಳಗಿನ ಭಾಗದಲ್ಲಿ ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳು. ಇವೆಲ್ಲ ಹೊರಗಿನ ಕಳೆಗಳು, ಬೂಟಿನ ಮಣ್ಣಲ್ಲಿ, ಬಟ್ಟೆಗೆ ಅಂಟಿ ಬರುವಂಥವು. ಮೇಲಿನ ಹುಲ್ಲುಗಾವಲಿನಲ್ಲಿ ಕಾಣೆಯಾಗುವುದು ಡ್ರೊಸೆರಾ, ಯುಟ್ರಿಕ್ಯುಲೇರಿಯಾ, ಎರಿಯೊಕಾಲನ್ ಎಂಬ ಪುಟ್ಟ ಗಿಡಗಳು. ಡ್ರೊಸೆರಾವನ್ನು ಮಂಡಿಯೂರಿ ನೋಡಬೇಕು. ಎಲೆ ತುಂಬ ಕೆಂಪು ಕೂದಲು, ಪ್ರತಿ ತುದಿಯಲ್ಲೂ ಅಂಟಿನ ಹನಿ, ಅದಕ್ಕೆ ಸಿಕ್ಕಿಬಿದ್ದ ಪುಟ್ಟ ಹುಳ. ಸತ್ವವಿಲ್ಲದ ಒದ್ದೆ ಮಣ್ಣಿನಲ್ಲಿ ಹುಳ ತಿಂದು ಬದುಕುವ ಗಿಡ ಅದು. ಬೇರು ಆಳಕ್ಕೆ ಇಳಿಯುವುದಿಲ್ಲ. ಮೇಲೆ ಕಾಲಿಟ್ಟರೆ ಮುಗಿಯಿತು.

ಜನ ಬೇಕಂತ ತುಳಿಯುವುದಿಲ್ಲ. ನೀರು ಜಿನುಗುವ ಕಡೆ ದಾರಿ ಕೆಸರಾಗುತ್ತದೆ. ಬೂಟು ಹಾಳಾಗುತ್ತದೆ ಅಂತ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೂ ಕೆಸರಾದಾಗ ಮುಂದಿನವರು ಇನ್ನೂ ಆಚೆ ಹೋಗುತ್ತಾರೆ. ಹೀಗೆ ಒಂದು ದಾರಿ ಮೂರಾಗುತ್ತದೆ. ಈ ಗಿಡಗಳು ಇರುವುದೂ ಅಂಥ ಒದ್ದೆ ಜಾಗದಲ್ಲೇ ಅಲ್ವಾ? ಚಾರಣಿಗರ ಸಂಖ್ಯೆಗೆ ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಬಂದವರು ಎಲ್ಲಿ ಕಾಲಿಡುತ್ತಾರೆ ಅನ್ನುವುದನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು.

ಅದಕ್ಕೇ ನಾವು ಬೇಲಿ ಕೇಳಲಿಲ್ಲ. ಕೆಸರಿನ ಜಾಗಗಳ ಪಟ್ಟಿ ಮಾಡಿದೆವು. ಅನುಮತಿ ಸಿಕ್ಕ ಕಡೆ ಊರಿನ ಗೈಡ್‌ಗಳ ಜೊತೆ ಸೇರಿ ಹೆಜ್ಜೆಯಳತೆಗೆ ಚಪ್ಪಟೆ ಕಲ್ಲು ಹಾಸಿದೆವು. ಕವಲುದಾರಿಗಳಿಗೆ ಒಣಕೊಂಬೆ ಅಡ್ಡ ಹಾಕಿದೆವು. ಕಾಲು ಒದ್ದೆಯಾಗದಿದ್ದರೆ ಯಾರೂ ಸುಮ್ನೆ ಹುಲ್ಲಿಗೆ ಇಳಿಯುವುದಿಲ್ಲ.

ಮುಚ್ಚಿದ ಕವಲುಗಳಲ್ಲಿ ಮೊದಲು ಹುಲ್ಲು ಬಂತು. ಆಮೇಲೆ ಅಂಗಿಯ ಗುಂಡಿಯಂಥ ಬಿಳಿ ಎರಿಯೊಕಾಲನ್ ಅಲ್ಲಲ್ಲಿ ತಲೆ ಎತ್ತಿತು. ಡ್ರೊಸೆರಾ ಇನ್ನೂ ಬಂದಿಲ್ಲ. ತುಳಿದು ಗಟ್ಟಿಯಾದ ಮಣ್ಣು ಮತ್ತೆ ನೀರು ಹಿಡಿಯುವ ತನಕ ಅದು ಬರುವುದು ಕಷ್ಟ. ಆ ಚೌಕಗಳನ್ನು ನಾವು ಪ್ರತಿ ಮಳೆಗಾಲವೂ ನೋಡುತ್ತಿದ್ದೇವೆ.