ಎರಡು ಸೆಂಟಿಮೀಟರ್ ಸಾಲದೆ ಸತಾಯಿಸಿದ ಚಂದ್ರ

ಟೆಲಿಸ್ಕೋಪಿಗೆ ಕ್ಯಾಮೆರಾ ಸಿಕ್ಕಿಸಿ ಚಂದ್ರನ ಫೋಟೋ ತೆಗೆಯೋಕೆ ಹೊರಟೆ, ಮೊದಲ ರಾತ್ರಿ ಒಂದೂ ಸಿಗಲಿಲ್ಲ. ನನ್ನದು 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪ್), ಫೋಕಲ್ ಲೆಂತ್ 1200 ಮಿ.ಮೀ. ಡಿಎಸ್‌ಎಲ್‌ಆರ್‌ನ ಲೆನ್ಸ್ ತೆಗೆದು, ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ ಹಾಕಿ, ಕಣ್ಣಿಟ್ಟು ನೋಡುವ ಐಪೀಸ್ ಇರುವ ಜಾಗಕ್ಕೆ ಕ್ಯಾಮೆರಾ ಸಿಕ್ಕಿಸಿದೆ. ಪರದೆ ಮೇಲೆ ಬರೀ ಮಸುಕಾದ ಬಿಳಿ ಉಂಡೆ! ಐಪೀಸನ್ನು ಒಳಗೆ ಹೊರಗೆ ಸರಿಸುವ ಫೋಕಸರ್ ಪೂರ್ತಿ ಒಳಗೆ ತಿರುಗಿಸಿದರೂ ಅಷ್ಟೇ. ಕ್ಯಾಮೆರಾ ಇನ್ನೂ ಎರಡು ಸೆಂಟಿಮೀಟರ್ ಒಳಗೆ ಹೋಗಬೇಕಿತ್ತು, ಹೋಗೋಕೆ ಜಾಗವೇ ಇರಲಿಲ್ಲ. ಕಣ್ಣಲ್ಲಿ ನೋಡೋಕೆ ಅಂತಲೇ ಮಾಡಿದ ನ್ಯೂಟೋನಿಯನ್‌ಗಳಲ್ಲಿ (ನನ್ನದರಂಥ ಕನ್ನಡಿ ಟೆಲಿಸ್ಕೋಪ್‌ಗಳಲ್ಲಿ) ಇದು ಮಾಮೂಲಿ ತೊಂದರೆ ಅಂತ ಆಮೇಲೆ ಗೊತ್ತಾಯಿತು.

ದಾರಿ ತೋರಿಸಿದ್ದು ಬಾರ್ಲೋ ಲೆನ್ಸ್, ಅಂದರೆ ಫೋಕಲ್ ಲೆಂತ್ ಹೆಚ್ಚಿಸುವ ಲೆನ್ಸ್. ಅದು ಬಿಂಬವನ್ನು ಹೊರಗೆ ತಳ್ಳುತ್ತದೆ, ಫೋಕಸ್ ಸಿಗುತ್ತದೆ. ಆದರೆ ಹೊಸ ತಲೆನೋವು: ಸೆನ್ಸರ್ ಮೇಲೆ ಚಂದ್ರನ ಬಿಂಬ ಎಷ್ಟು ದೊಡ್ಡದು ಅಂತ ತಿಳಿಯೋಕೆ ಫೋಕಲ್ ಲೆಂತನ್ನು 110ರಿಂದ ಭಾಗಿಸಿದರೆ ಸಾಕು, 2 ಪಟ್ಟಿನ ಬಾರ್ಲೋ ಹಾಕಿದಾಗ 2400 ಆಯಿತು, ಅಂದರೆ ಸುಮಾರು 22 ಮಿ.ಮೀ. ಬಿಂಬ, ನನ್ನ ಸೆನ್ಸರ್ ಇರೋದೇ 22ಕ್ಕೆ 15 ಮಿ.ಮೀ., ಅಂಚಿಗೂ ಜಾಗ ಉಳಿಯೋದಿಲ್ಲ. ಕೊನೆಗೆ ಬಾರ್ಲೋದ ಗಾಜಿನ ಭಾಗವನ್ನಷ್ಟೇ ಬಿಚ್ಚಿ ಅಡಾಪ್ಟರ್ ಮೂತಿಗೆ ತಿರುಗಿಸಿದೆ. ಹೀಗೆ ಮಾಡಿದರೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಬಿಂಬ 16 ಮಿ.ಮೀ. ಚಿಲ್ಲರೆ. ಅರ್ಧಚಂದ್ರನ ನೇರ ಅಂಚು ಸೆನ್ಸರ್‌ನ ಉದ್ದಕ್ಕೆ ಬರುವ ಹಾಗೆ ಕ್ಯಾಮೆರಾ ತಿರುಗಿಸಿದೆ, ಆರಾಮಾಗಿ ಕೂತಿತು.

ಅರ್ಧಚಂದ್ರನೇ ಯಾಕೆ ಅಂದರೆ, ಹುಣ್ಣಿಮೆಯಂದು ಬಿಸಿಲು ನೇರವಾಗಿ ಬೀಳುತ್ತದೆ, ನೆರಳೇ ಇರೋದಿಲ್ಲ, ಕುಳಿಗಳೆಲ್ಲ ಸಪಾಟು. ಅಷ್ಟಮಿ ಹೊತ್ತಿಗೆ ನೋಡಿ, ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಟಾಲೆಮಿಯಸ್, ಅಲ್ಫಾನ್ಸಸ್, ಆರ್ಜಾಕೆಲ್ ಅನ್ನೋ ಮೂರೂ ಕುಳಿಗಳು ಸಾಲಾಗಿ ನಿಂತಿರುತ್ತವೆ.

ಕ್ಯಾಮೆರಾದ ಭಾರಕ್ಕೆ ಕೊಳವೆಯ ಬಾಯಿ ಸುಮ್ನೆ ಕೆಳಗೆ ಜಾರುತ್ತಿತ್ತು. ಹಿಂಬದಿಗೆ ಮರಳಿನ ಚೀಲ ಕಟ್ಟಿದೆ. ನೋಡೋಕೆ ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ.

ಎಕ್ಸ್‌ಪೋಶರ್ ಆಟೋದಲ್ಲಿ ಬಿಡಬೇಡಿ. ಸುತ್ತಲಿನ ಕಪ್ಪು ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ, ಚಂದ್ರ ಸುಟ್ಟ ಬಿಳಿ ಆಗುತ್ತಾನೆ. ನಾನು ಮ್ಯಾನ್ಯುಯಲ್‌ನಲ್ಲಿ ಐಎಸ್‌ಒ 400, ಸೆಕೆಂಡಿನ 1/125ರಿಂದ ಶುರು ಮಾಡಿ ಹಿಂದೆ ಮುಂದೆ ಸರಿಸಿದೆ. ಈ ವೇಗದಲ್ಲಿ ಚಂದ್ರ ಓಡೋದು ಫೋಟೋದಲ್ಲಿ ಕಾಣುವುದಿಲ್ಲ, ಹಾಗಾಗಿ ಟ್ರ್ಯಾಕಿಂಗ್ ಮೋಟಾರ್ ಇಲ್ಲ ಅಂತ ಕೊರಗಬೇಕಿಲ್ಲ. ಅರ್ಧ ನಿಮಿಷಕ್ಕೊಮ್ಮೆ ಕೊಳವೆ ತಳ್ಳಿದರಾಯಿತು.

ನಿಜವಾದ ಶತ್ರು ಅಲುಗಾಟ. ಬಟನ್ ಒತ್ತಿದ ಬೆರಳು, ಒಳಗೆ ಎಗರುವ ಕನ್ನಡಿ, ಎರಡೂ ಚಿತ್ರ ಕೆಡಿಸುತ್ತವೆ. ಮಿರರ್ ಲಾಕಪ್ ಮಾಡಿ (ಆ ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸಿ), 10 ಸೆಕೆಂಡ್ ಟೈಮರ್ ಇಟ್ಟು ಕೈ ತೆಗೆದೆ. ಫೋಕಸ್‌ಗೆ ಲೈವ್ ವ್ಯೂ (ಪರದೆ ಮೇಲಿನ ನೇರ ದೃಶ್ಯ) 10 ಪಟ್ಟು ಹಿಗ್ಗಿಸಿ, ಒಂದು ಸಣ್ಣ ಕುಳಿಯ ಅಂಚನ್ನೇ ನೋಡುತ್ತಾ ತಿರುಗಿಸೋದು, ಕೈಬಿಟ್ಟು ಕಾಯೋದು, ಮತ್ತೆ ತಿರುಗಿಸೋದು. ಬಿಸಿ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಚಿತ್ರ ಕುದಿಯುತ್ತಿದ್ದರೆ ಅದು ಫೋಕಸ್ ತಪ್ಪಲ್ಲ, ಗಾಳಿಯದು. ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಸಿದ ಮೇಲೆ ಅರ್ಧ ಕುದಿತ ನಿಂತಿತು.

60 ಫೋಟೋ ರಾ ಫಾರ್ಮ್ಯಾಟಿನಲ್ಲಿ ತೆಗೆದೆ, ಚೂಪಾಗಿದ್ದ 12 ಇಟ್ಟುಕೊಂಡೆ. ಆಟೋಸ್ಟ್ಯಾಕರ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅವನ್ನು ಒಂದರ ಮೇಲೊಂದು ಸೇರಿಸಿದಾಗ ಕಾಳುಕಾಳು ನಾಯ್ಸ್ ಹೋಯಿತು. ಆಮೇಲೆ ಶಾರ್ಪನಿಂಗ್ ಸ್ವಲ್ಪ ಜಾಸ್ತಿಯೇ ಎಳೆದುಬಿಟ್ಟೆ, ಚಂದ್ರನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಬಂತು. ಅಳಿಸಿ ಮತ್ತೆ ಮೊದಲಿಂದ ಮಾಡಿದೆ.