ಹಾಕಿದ ಟ್ರಾನ್ಸಿಸ್ಟರ್ ಎಲ್ಲಾ ಸುಡುತ್ತಿದ್ದ ಪವರ್ಡ್ ಮಿಕ್ಸರ್: ನನ್ನ ಅನುಭವ

ಮೂರ್ನಾಲ್ಕು ಕಡೆ ತೋರಿಸಿ "ಬೋರ್ಡೇ ಹೋಗಿದೆ, ಹೊಸದು ತಗೊಳ್ಳಿ" ಎನ್ನಿಸಿಕೊಂಡಿದ್ದ, ಆಂಪ್ಲಿಫೈಯರ್ ಒಳಗೇ ಇರುವ ಸೌಂಡ್ ಮಿಕ್ಸರ್ ಇದು. ನಾನು ರಿಪೇರಿ ಮಾಡಿದ ಮೇಲೆ ಮೇಳದ ಒಂದು ತಿರುಗಾಟ ಪೂರ್ತಿ ಯಕ್ಷಗಾನಕ್ಕೆ ಓಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕುಂದಾಪುರ ಕಡೆಯ ಸೌಂಡ್ಸಿನವರದ್ದು. 8 ಚಾನೆಲ್, ಬದಿಗೆ ಸುಮಾರು 300 ವಾಟ್. ಆನ್ ಮಾಡಿದರೆ ಚೆನ್ನಾಗಿಯೇ ಇರುತ್ತಿತ್ತು, ಪ್ರಸಂಗದಲ್ಲಿ ಯುದ್ಧ ಶುರುವಾಗಿ ಚೆಂಡೆ ಏರುವ ಹೊತ್ತಿಗೆ ಎಡಬದಿ ಡಬ್ ಅಂತ ಹೋಗುತ್ತಿತ್ತು. ಪ್ರತಿ ಸಲ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ 5200, 1943 ಬದಲಿಸಿದ್ದಾರೆ, ಪ್ರತಿ ಸಲ ಸುಟ್ಟಿದೆ. ನನ್ನ ಹತ್ತಿರ ಬರುವಷ್ಟರಲ್ಲಿ ನಾಲ್ಕೈದು ಸಾವಿರ ಖರ್ಚಾಗಿತ್ತು. ಹೊಸದಕ್ಕೆ 40 ಸಾವಿರದ ಹತ್ತಿರ.

ಮೊದಲು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಏರಿಸುವ ಮುಂದಿನ ಭಾಗ) ಬಿಟ್ಟು, ಹಿಂದಿನ ಪವರ್ ಆಂಪ್ ಇನ್ ಜಾಕಿಗೆ ಸೀದಾ ಮೊಬೈಲಿನ ಹಾಡು ಕೊಟ್ಟೆ. ಎಡಬದಿ ಆಗಲೂ ಸತ್ತೇ ಇತ್ತು. ಅಂದರೆ ತೊಂದರೆ ಸ್ಪೀಕರ್ ಓಡಿಸುವ ಪವರ್ ಆಂಪ್ ಕಡೆಯದೇ. ಹಾಡು ಬಂದಿದ್ದರೆ ಬೇರೆ ಮಾತು. ನಮ್ಮ ಉಪ್ಪುಗಾಳಿಗೆ ಎಷ್ಟೋ ಮಿಕ್ಸರುಗಳಲ್ಲಿ ಆ ಜಾಕಿನ ಒಳಗಿನ ಕಾಂಟ್ಯಾಕ್ಟೇ ಕಿಲುಬು ಹಿಡಿದಿರುತ್ತದೆ, ಹೊರಗಿನಿಂದ ಪ್ರೀಆಂಪ್ ಔಟ್‌ನಿಂದ ಆ ಜಾಕಿಗೆ ಒಂದು ಪ್ಯಾಚ್ ವೈರ್ ಹಾಕಿದರೆ ಸರಿಹೋಗುತ್ತದೆ. ಸುಮ್ನೆ ಬೋರ್ಡ್ ಬಿಚ್ಚಬೇಡಿ.

ಸುಟ್ಟ 5200 ಅನ್ನು ಕಟಿಂಗ್ ಪ್ಲೇಯರ್‌ನಲ್ಲಿ ಒಡೆದು ನೋಡಿದೆ. ಒಳಗಿನ ಚಿಪ್ ಅಕ್ಕಿಕಾಳಿನಷ್ಟೂ ಇರಲಿಲ್ಲ. ಡೂಪ್ಲಿಕೇಟ್! ಅದು ಆಗ ಜೋಡಿಗೆ 120 ರೂಪಾಯಿಗೆ ಸಿಗುತ್ತಿತ್ತು, ಒರಿಜಿನಲ್ ಜೋಡಿ 400ರ ಆಸುಪಾಸು ಇತ್ತು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಒರಿಜಿನಲ್ ಎರಡು ಜೋಡಿ ತರಿಸಿ ಹಾಕಿದೆ. ಒಡೆಯದೇ ಅಸಲಿ ನಕಲಿ ಹೇಳುವ ನನ್ನದೊಂದು ಉಪಾಯ ಇದೆ, ಅದು ನನ್ನ ಅನ್ನ, ಇಲ್ಲಿ ಬೇಡ.

ಆದರೆ ಡೂಪ್ಲಿಕೇಟ್ ಒಂದೇ ಕಾರಣ ಅಂತ ನನಗೆ ಅನಿಸಲಿಲ್ಲ. ಬಲಬದಿ ಯಾಕೆ ಸುಡಲ್ಲ? ಸೀರೀಸ್ ಬಲ್ಬ್ ಹಾಕಿ (ಕರೆಂಟ್ ಜಾಸ್ತಿ ಎಳೆದರೆ ಬಲ್ಬ್ ಉರಿಯುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ), ಸ್ಪೀಕರ್ ಲೋಡ್ ಇಲ್ಲದೆ, ಔಟ್‌ಪುಟ್ ಟ್ರಾನ್ಸಿಸ್ಟರಿನ 0.22 ಓಮ್ ರೆಸಿಸ್ಟರ್ ಮೇಲೆ ಬಯಾಸ್, ಅಂದರೆ ಹಾಡು ಇಲ್ಲದಾಗಲೂ ಅದರಲ್ಲಿ ಹರಿಯುವ ಸಣ್ಣ ಕರೆಂಟ್, ಅಳೆದೆ. ತಣ್ಣಗಿದ್ದಾಗ ಎರಡೂ ಬದಿ 5-6 ಮಿಲಿವೋಲ್ಟ್. ಆಮೇಲೆ ಹೀಟ್ ಸಿಂಕಿಗೆ ಫಿನ್ ಕಡೆಯಿಂದ ಹೇರ್ ಡ್ರೈಯರ್ ಹಿಡಿದೆ. ಬಲಬದಿ ಅಲ್ಲೇ ನಿಂತಿತು. ಎಡಬದಿ 15, 20, 30 ಅಂತ ಏರುತ್ತಲೇ ಹೋಗಿ ಬಲ್ಬ್ ಕೆಂಪಗಾಯಿತು. ಸಿಕ್ಕಿತಲ್ವಾ!

ಬಿಸಿ ನೋಡಿ ಬಯಾಸ್ ಇಳಿಸಬೇಕಾದ ಚಿಕ್ಕ ಟ್ರಾನ್ಸಿಸ್ಟರ್ ಹೀಟ್ ಸಿಂಕಿಗೆ ತಾಗಿಯೇ ಇರಲಿಲ್ಲ. ಹಿಂದೆ ಯಾರೋ ಬಿಚ್ಚಿದಾಗ ಸ್ಕ್ರೂವಿನ ಥ್ರೆಡ್ ಹೋಗಿತ್ತು, ಹಾಗೇ ಬಿಟ್ಟಿದ್ದರು. ಪಕ್ಕದಲ್ಲಿ 3 ಎಂಎಂ ಥ್ರೆಡ್ ಹೊಸದಾಗಿ ಹೊಡೆದು, ಮೈಕಾ, ತೆಳ್ಳಗೆ ಪೇಸ್ಟ್ ಹಾಕಿ ಕೂರಿಸಿದೆ. ಬಯಾಸ್ ಹೊಂದಿಸುವ ಪ್ರಿಸೆಟ್ಟೂ ಬದಲಿಸಿ ಮತ್ತೆ ಸೆಟ್ ಮಾಡಿದೆ. ಈ ಸಲ ಡ್ರೈಯರ್ ಹಿಡಿದರೂ ಏರಲಿಲ್ಲ. ಔಟ್‌ಪುಟ್ಟಿನಲ್ಲಿ ಡಿಸಿ 20 ಮಿಲಿವೋಲ್ಟಿನೊಳಗೆ ಇತ್ತು, ಅಂದರೆ ಸ್ಪೀಕರಿಗೆ ಅಪಾಯ ಇಲ್ಲ.

ಸಾಮಾನಿಗೆ ಹತ್ತಿರ ಹತ್ತಿರ 1,200 ಆಯಿತು, ನಾನು 3,500 ತಗೊಂಡೆ. "ಒಂದು ಸ್ಕ್ರೂಗೆ ಇಷ್ಟಾ ಮಾರಾಯ್ರೆ, ಇದು ನಿಲ್ಲುತ್ತದಾ?" ಎಂದರು. ವೈರ್‌ವೌಂಡ್ ರೆಸಿಸ್ಟರುಗಳನ್ನು ನೀರಿನ ಬಕೆಟಿನಲ್ಲಿ ಮುಳುಗಿಸಿ, ಸ್ಪೀಕರ್ ಬದಲಿಗೆ ಡಮ್ಮಿ ಲೋಡ್ ಮಾಡಿ, ಅವರ ಎದುರೇ ಎರಡು ಗಂಟೆ ಓಡಿಸಿದೆ. ನೀರು ಬಿಸಿಯಾಯಿತು, ಮಿಕ್ಸರಿಗೆ ಏನೂ ಆಗಲಿಲ್ಲ.

ಬಿಚ್ಚಿದ್ದೇನೆ ಅಂತ ಪ್ರೀಆಂಪಿನ 4558 ಐಸಿಗಳನ್ನು ತೆಗೆದು ಎಲ್ಲಾ ಕಡೆ ಸದ್ದು ಕಮ್ಮಿ ಇರುವ 5532 ಐಸಿ ಹಾಕಿ ನೋಡಿದೆ. ಹಿಸ್ ಕಮ್ಮಿಯಾಯಿತು, ಆದರೆ ಕರೆಂಟ್ ಜಾಸ್ತಿ ಎಳೆದು, ಅವಕ್ಕೆ 15 ವೋಲ್ಟ್ ಕೊಡುವ 7815 ರೆಗ್ಯುಲೇಟರ್ ಮುಟ್ಟಲಾಗದಷ್ಟು ಬಿಸಿಯಾಯಿತು. ಮೇನ್ ಸ್ಟೇಜಿನಲ್ಲಿ ಮಾತ್ರ 5532 ಉಳಿಸಿ, ಉಳಿದ ಕಡೆ 4558 ವಾಪಸ್ ಹಾಕಿದೆ.