ಬಂದೂಕು ಬಿಟ್ಟು ಉಳಿದದ್ದೆಲ್ಲ

ಅಪ್ಪ ಚಿಕ್ಕವರಿದ್ದಾಗ ಮನೆಯಲ್ಲಿ ಬಾತಿನ ಸಾರು ಆದ ದಿನ ಮಕ್ಕಳೆಲ್ಲ ಮೆಲ್ಲಗೆ ಅಗಿಯುತ್ತಿದ್ದರಂತೆ. ಮಾಂಸದೊಳಗೆ ಉಳಿದ ಸೀಸದ ಚರೆ, ಅಂದರೆ ಬಂದೂಕಿನ ಸಣ್ಣ ಗುಂಡು, ಹಲ್ಲಿಗೆ ಸಿಕ್ಕರೆ ಹಲ್ಲೇ ಹೋದೀತು. ಸಿಕ್ಕ ಚರೆಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಊಟ ಮುಗಿದ ಮೇಲೆ ಯಾರ ತಟ್ಟೆಯಲ್ಲಿ ಹೆಚ್ಚು ಎಂದು ಎಣಿಸುವುದೊಂದು ಆಟ. ಗೆದ್ದವರು ಮುಂದಿನ ಸಲ ತಾತನ ಜೊತೆ ಕೆರೆಗೆ ಹೋಗಬಹುದಿತ್ತು. ಒಮ್ಮೆ ಅಪ್ಪ ಒಡೆದ ತೋಟಾದಿಂದ ಎರಡು ಚರೆ ಕದ್ದು ತಟ್ಟೆಗೆ ಸೇರಿಸಿ ಗೆದ್ದಿದ್ದರಂತೆ. ಇದನ್ನು ಅವರು ಎಪ್ಪತ್ತು ದಾಟಿದ ಮೇಲೆ ಒಪ್ಪಿಕೊಂಡರು.

ನಮ್ಮದು ನಂಜನಗೂಡು ಸೀಮೆ. ತಾತನ ಹತ್ತಿರ ಹನ್ನೆರಡು ಬೋರಿನ ಜೋಡಿ ನಳಿಗೆ ಬಂದೂಕು ಇತ್ತು. ಮಾಗಿಯ ಚಳಿ ಹಿಡಿದು, ಉತ್ತರದಿಂದ ಸೂಜಿಬಾಲದ ಬಾತುಗಳೂ ಬಿಳಿ ಹುಬ್ಬಿನ ಬಾತುಗಳೂ ಕೆರೆಗೆ ಬಂದವೆಂದರೆ ಅವರ ಶಿಕಾರಿ ಶುರು. ಕೊಯ್ಲಾದ ಮೇಲಿನ ಬಿಡುವಿನ ಕಾಲವೂ ಅದೇ. ಗಂಡು ಮಕ್ಕಳು ಸರದಿಯ ಮೇಲೆ ಹೋಗುತ್ತಿದ್ದರು. ತಟ್ಟೆಯಾಟದಲ್ಲಿ ಎಷ್ಟು ಸಲ ಗೆದ್ದರೂ ಅತ್ತೆಯನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಹಿತ್ತಲಲ್ಲಿ ಕೂತು ಪುಕ್ಕ ಕೀಳುವ ಕೆಲಸ ಮಾತ್ರ ಅವರದು. ಆ ಪುಕ್ಕ ತುಂಬಿದ ದಿಂಬೊಂದು ಇನ್ನೂ ಅವರ ಮನೆಯಲ್ಲಿದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ಒಂದೇ ಏಟಿಗೆ ನಿಂತುಹೋಯಿತು ಎಂದು ಅನೇಕರು ತಿಳಿದಿದ್ದಾರೆ. ಆದರೆ ಸಣ್ಣ ಬೇಟೆಗೆ ಪರವಾನಗಿ ಪಡೆಯಲು ಆ ಕಾಯ್ದೆಯಲ್ಲೇ ಮೊದಲು ದಾರಿ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ನಮ್ಮ ತಾತ ಮಾತ್ರ ಅಷ್ಟು ವರ್ಷ ಕಾಯಲಿಲ್ಲ. “ನಮ್ಮೂರ ಕೆರೆಯ ಬಾತಿಗೆ ಕಚೇರಿಯ ಚೀಟಿ ತರಬೇಕೇ?” ಎಂದು ಕೋಪ ಮಾಡಿಕೊಂಡು ಬಂದೂಕನ್ನು ಗೋಡೆಗೆ ತೂಗುಹಾಕಿದರು. ಹಕ್ಕಿಯ ಮೇಲಿನ ಕರುಣೆಯಿಂದ ಬಿಟ್ಟರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಆಮೇಲೆ ಆ ಬಂದೂಕು ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗಿ ಬರುತ್ತಿತ್ತು, ಅಷ್ಟೇ ಅದರ ಓಡಾಟ.

ನಾನು ಹುಟ್ಟಿದ್ದು ಅದಾದ ಮೇಲೆ. ಆದರೂ ತಾತ ನನ್ನನ್ನು ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಬಂದೂಕು ಬಿಟ್ಟು ಉಳಿದದ್ದೆಲ್ಲ ಹಾಗೆಯೇ ಇತ್ತು. ನಾಲ್ಕಕ್ಕೆ ಏಳುವುದು, ಖಾಕಿ ಕೋಟು, ಬಾಳೆ ಎಲೆಯಲ್ಲಿ ಸುತ್ತಿದ ಅಕ್ಕಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ, ತೂಬು ದಾಟಿದ ಮೇಲೆ ಮಾತಿಲ್ಲ. ಬಾತಿನ ಹಿಂಡು ತಲೆಯ ಮೇಲೆ ಹಾದಾಗ ಊರುಗೋಲನ್ನು ಹೆಗಲಿಗೆ ಏರಿಸಿ, ಹಕ್ಕಿಯ ಮುಂದಕ್ಕೆ ಒಂದು ಮೊಳ ಗುರಿ ಹಿಡಿದು, ಬಾಯಲ್ಲಿ ಸಣ್ಣಗೆ “ಢಂ” ಎನ್ನುತ್ತಿದ್ದರು. ನನಗೆ ನಗು ತಡೆಯುತ್ತಿರಲಿಲ್ಲ. ಅವರು ನಗುತ್ತಿರಲಿಲ್ಲ.

ಈಗ ನಾನು ಮಗಳನ್ನೂ ತಮ್ಮನ ಮಗನನ್ನೂ ಕರೆದುಕೊಂಡು ಹೋಗುವಾಗ ಕಲಿಸುವುದು ಬಹುಪಾಲು ಆ ಊರುಗೋಲಿನ ಕಾಲದಲ್ಲಿ ಕಲಿತದ್ದೇ. ಎಲ್ಲಕ್ಕಿಂತ ಮುಖ್ಯವಾದದ್ದು ಕೂರುವ ಜಾಗ. ತಾತ ಯಾವಾಗಲೂ ಕೆರೆಯ ಮೂಡಣ ದಡದಲ್ಲಿ, ಒಂದು ಹುಣಸೆ ಮರದ ಬುಡದಲ್ಲಿ ಕೂರುತ್ತಿದ್ದರು. ಅದು ಅವರ ಹಟ ಎಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಅರ್ಥವಾಯಿತು. ಬಾತುಗಳು ಗಾಳಿಗೆ ಎದುರಾಗಿ ನೀರಿಗೆ ಇಳಿಯುತ್ತವೆ. ನಮ್ಮ ಕಡೆ ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಗಾಳಿ ಹೆಚ್ಚಾಗಿ ಮೂಡಣದ್ದು. ಹಾಗಾಗಿ ಮೂಡಣ ದಡದಲ್ಲಿ ಕೂತವನ ಬೆನ್ನಿಗೆ ಗಾಳಿ, ಇಳಿಯುವ ಹಕ್ಕಿ ನೇರ ಅವನ ಮುಖಕ್ಕೆ. ಸೂರ್ಯನೂ ಬೆನ್ನ ಹಿಂದೆಯೇ, ಹಕ್ಕಿಯ ಎದೆಯ ಮೇಲೆ ಪೂರ್ತಿ ಬೆಳಕು. ಪಡುವಣ ದಡದಲ್ಲಿ ದುಬಾರಿ ದುರ್ಬೀನು ಹಿಡಿದು ಕೂತವರಿಗೆ ಬೆಳಗ್ಗೆ ಕಾಣುವುದು ಕರಿಯ ನೆರಳುಗಳು ಮಾತ್ರ. ಗುರಿಗಾಗಿ ಹುಡುಕಿದ ಜಾಗ ಗುರುತಿಸುವುದಕ್ಕೂ ಒಳ್ಳೆಯದೇ ಆಯಿತು.

ಎರಡನೆಯದು ಏರಿಯ ನೆತ್ತಿಯ ಮೇಲೆ ನಡೆಯಬಾರದು ಎಂಬುದು. ಆಕಾಶದ ಎದುರು ಮನುಷ್ಯನ ಆಕಾರ ಮೂಡಿದರೆ ಕೆರೆಯ ಆ ತುದಿಯ ಹೆಬ್ಬಾತಿಗೂ ಸುದ್ದಿ ಮುಟ್ಟುತ್ತದೆ. ಇಳಿಜಾರಿನಲ್ಲಿ, ಬಾಗಿ, ನಿಲ್ಲುತ್ತಾ ನಡೆಯಬೇಕು. ಮೊದಲ ವರ್ಷ ಮಗಳು ಅಜ್ಜಿ ಹೆಣೆದುಕೊಟ್ಟ ಕಡು ಗುಲಾಬಿ ಸ್ವೆಟರ್ ಹಾಕಿಕೊಂಡು ಬಂದಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅರ್ಧ ಕೆರೆ ಖಾಲಿಯಾಯಿತು. ಮರುವರ್ಷ ಅವಳೇ ಅಪ್ಪನ ಹಳೆಯ ಕಂದು ಶಾಲು ಹೊದ್ದು ಬಂದಳು.

ಹೆಬ್ಬಾತು ನೋಡಲು ನಾವು ಹದಿನಾರು ಎಂಬ ಊರಿನ ಕೆರೆಗೆ ಹೋಗುತ್ತೇವೆ. ಪಟ್ಟೆತಲೆಯ ಹೆಬ್ಬಾತುಗಳು ರಾತ್ರಿ ಹೊಲಗದ್ದೆಗಳಲ್ಲಿ ಮೇದು ಬೆಳಗಾದ ಮೇಲೆ ನೀರಿಗೆ ಮರಳುತ್ತವೆ. ಆದ್ದರಿಂದ ಬಾತಿಗೆ ಬೇಗ ಏಳಬೇಕು, ಹೆಬ್ಬಾತಿಗೆ ಬೇಗ ಎದ್ದು ತಡವಾಗಿಯೂ ಕೂರಬೇಕು. ಮಕ್ಕಳ ತಾಳ್ಮೆ ಮುಗಿಯುವುದೂ ಆಗಲೇ. ರೊಟ್ಟಿಯ ಗಂಟು ಬಿಚ್ಚುವುದನ್ನು ನಾನು ಅಲ್ಲಿಯ ತನಕ ಮುಂದೂಡುತ್ತೇನೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಿಗೆ ಅಕ್ಷರ, ಅಂಕಿಗಳ ಪಟ್ಟಿ ಹಾಕಿದ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮೂರ ಭತ್ತದ ಕೂಳೆ ತಿನ್ನುತ್ತಿದೆ ಎಂದರೆ ಮಕ್ಕಳು ಇನ್ನರ್ಧ ಗಂಟೆ ಕೂರುತ್ತಾರೆ.

ತಾತನ ಒಂದು ನೋಟ್‌ಬುಕ್ ನಮ್ಮಲ್ಲಿ ಉಳಿದಿದೆ. ತಾರೀಕು, ತಿಥಿ, ಗಾಳಿ, ತೂಬಿನ ಕಲ್ಲಿನ ಎಷ್ಟನೇ ಮೆಟ್ಟಿಲಿಗೆ ನೀರು, ಯಾವ ಬಾತು ಎಷ್ಟು. ಅಚ್ಚುಕಟ್ಟಾದ ಬರವಣಿಗೆ. ಎಷ್ಟೋ ಕಡೆ ಸಂಖ್ಯೆಯ ಪಕ್ಕ ಕೂಡುವ ಚಿಹ್ನೆ ಹಾಕಿ ಇನ್ನೊಂದು ಸಂಖ್ಯೆ ಇದೆ: 5 + 2, 3 + 1. ಹತ್ತು ವರ್ಷದವಳಿದ್ದಾಗ ಮಗಳು ಅದೇನೆಂದು ಕೇಳಿದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಮೊದಲನೆಯದು ಮನೆಗೆ ತಂದದ್ದು, ಎರಡನೆಯದು ಏಟು ತಿಂದು ಜೊಂಡಿನೊಳಗೆ ಬಿದ್ದು ಸಿಗದೇ ಹೋದದ್ದು. ಅವಳು ಆ ಪುಸ್ತಕವನ್ನು ಕೆಲವು ತಿಂಗಳು ಮುಟ್ಟಲಿಲ್ಲ. ಮುತ್ತಾತನ ಶಿಕಾರಿಯ ಕಥೆಗಳನ್ನು ಅಷ್ಟು ದಿನ ರಸವತ್ತಾಗಿ ಹೇಳಿದವನು ನಾನೇ. ಕಥೆಯಲ್ಲಿ ಈ ಎರಡನೆಯ ಸಂಖ್ಯೆಯನ್ನು ನಾನು ಎಂದೂ ಸೇರಿಸಿರಲಿಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟ ಕೆರೆಯ ತಳದ್ದು. ಬಾತುಗಳು ಕಾಳು ಅರಗಿಸಲು ಸಣ್ಣ ಕಲ್ಲು ನುಂಗುತ್ತವೆ; ಕೆಸರಿಗೆ ಬಿದ್ದ ಚರೆಯನ್ನೂ ಕಲ್ಲೆಂದೇ ನುಂಗಿ ಸೀಸದ ವಿಷಕ್ಕೆ ಸಾಯುತ್ತವೆ. ಬೇಟೆಗೆ ಅವಕಾಶವಿರುವ ಅಮೆರಿಕದಲ್ಲೇ 1991ರಿಂದ ನೀರುಹಕ್ಕಿಗಳ ಮೇಲೆ ಸೀಸದ ಚರೆ ಹಾರಿಸುವಂತಿಲ್ಲ. ನಮ್ಮ ಮನೆಯಲ್ಲಿ ಅದನ್ನು ತಟ್ಟೆಯ ಅಂಚಿನಲ್ಲಿ ಜೋಡಿಸಿಕೊಂಡು ಆಡುತ್ತಿದ್ದರು.

ಆಮೇಲೊಮ್ಮೆ ಅಪ್ಪ, ಮಗಳು, ನಾನು ಮೂವರೂ ರಾಜಸ್ಥಾನದ ಭರತ್‌ಪುರಕ್ಕೆ ಹೋಗಿದ್ದೆವು. ಕೇವಲಾದೇವ್ ಉದ್ಯಾನದಲ್ಲಿ ಹಳೆಯ ಶಿಕಾರಿಗಳ ಲೆಕ್ಕ ಕೆತ್ತಿದ ಕಲ್ಲುಗಳಿವೆ. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ಬಿದ್ದ ಹಕ್ಕಿಗಳು 4,273. ಪಕ್ಷಿತಜ್ಞ ಸಲೀಂ ಅಲಿಯವರ ಹುಟ್ಟಿದ ದಿನವೂ ನವೆಂಬರ್ 12 ಎಂಬುದನ್ನು ಅಪ್ಪನೇ ನೆನಪಿಸಿದರು. ಸಲೀಂ ಅಲಿಯವರ ಸಲಹೆಯಿಂದಲೇ 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾಯಿತು. ಅಪ್ಪ ಕಲ್ಲನ್ನೇ ನೋಡುತ್ತಾ, “ನಮ್ಮಪ್ಪ ಜೀವಮಾನವಿಡೀ ಹೊಡೆದದ್ದು ಇದರ ಕಾಲು ಭಾಗವೂ ಇರಲಿಕ್ಕಿಲ್ಲ” ಎಂದರು. ಮಗಳು, “ಅವರು ಒಬ್ಬರೇ ಅಲ್ಲವೇ ತಾತ?” ಎಂದಳು.

ಎಣಿಸುವ ಹುಚ್ಚು ಹಿಡಿಸಿದವರು ಅಪ್ಪ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅವರು ಸೇರಿಕೊಂಡದ್ದು ನಿವೃತ್ತಿಯಾದ ಮೇಲೆ. ತೇಲುವ ಹಿಂಡನ್ನು ಒಂದೊಂದಾಗಿ ಎಣಿಸಲು ಹೋದವರು ಕೆಡುತ್ತಾರೆ. ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಎಂದು ಕಣ್ಣಿಗೆ ಅಳತೆ ಕೂರಿಸಿಕೊಂಡು, ಕಣದಲ್ಲಿ ಕೊಳಗದಿಂದ ರಾಗಿ ಅಳೆದ ಹಾಗೆ ಅದನ್ನೇ ಹಿಂಡಿನ ಮೇಲೆ ಇಡುತ್ತಾ ಹೋಗಬೇಕು. ಒಬ್ಬರು ನೋಡಬೇಕು, ಒಬ್ಬರು ಬರೆಯಬೇಕು. ಎರಡನ್ನೂ ಒಬ್ಬರೇ ಮಾಡಿದರೆ ತಲೆ ಬಗ್ಗಿಸಿದಾಗ ಹಿಂಡು ಕದಲಿರುತ್ತದೆ. ಜೌಗಿನ ಸೆಳೆವ ಎಂಬ ಬೇಟೆಹಕ್ಕಿ ಒಂದು ಸುತ್ತು ಹಾಕಿದರಂತೂ ಎಲ್ಲವೂ ಒಟ್ಟಿಗೆ ಮೇಲೆದ್ದು ಮೊದಲಿನಿಂದ ಶುರು. ಮನೆಯಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸುವುದು ಹೆಸರುಕಾಳಿನಲ್ಲಿ. ಒಂದು ಹಿಡಿ ಕಾಳನ್ನು ತಟ್ಟೆಗೆ ಚೆಲ್ಲಿ, ಐದು ಎಣಿಸುವಷ್ಟರಲ್ಲಿ ಬಟ್ಟೆ ಮುಚ್ಚಿ, ಎಷ್ಟಿತ್ತು ಎಂದು ಕೇಳುತ್ತೇವೆ. ಮೊದಮೊದಲು ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಈ ಆಟದಲ್ಲಿ ಸೋತವರನ್ನೂ ಕೆರೆಗೆ ಕರೆದುಕೊಂಡು ಹೋಗುತ್ತೇವೆ, ಹೆಣ್ಣು ಮಕ್ಕಳನ್ನೂ. ಹೋದ ವರ್ಷ ಅತ್ತೆಯೂ ಬಂದರು. ಶಿಳ್ಳೆ ಬಾತನ್ನು ಅವರು ಹಾರುವಾಗ ಗುರುತಿಸಲಿಲ್ಲ. ಹತ್ತಿರದಲ್ಲಿ ರೆಕ್ಕೆ ಬಿಚ್ಚಿದಾಗ ಮಾತ್ರ, ಬುಡದ ಕಂದು ನೋಡಿ, “ಇದನ್ನು ಎಷ್ಟು ಕಿತ್ತಿದ್ದೇನೆ” ಎಂದರು.

ಈ ಜನವರಿಯಲ್ಲಿ ಅಪ್ಪನಿಗೆ ಇಳಿಜಾರು ಹತ್ತಿಳಿಯಲು ಆಗಲಿಲ್ಲ. ಹುಣಸೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆವು. ಸೂಜಿಬಾಲದ ಬಾತುಗಳನ್ನು ಅವರೂ ಮಗಳೂ ಬೇರೆ ಬೇರೆಯಾಗಿ ಎಣಿಸಿದರು. ಅವರದು ನೂರ ನಲವತ್ತು, ಅವಳದು ನೂರ ಎಪ್ಪತ್ತು. ಬರೆಯುವವನು ನಾನು, ಪೆನ್ನು ಹಿಡಿದು ಕಾದೆ.

“ಅವಳದ್ದೇ ಬರೆ. ನನ್ನ ಕಣ್ಣಿಗೆ ಪೊರೆ ಬಂದಿದೆ” ಎಂದರು ಅಪ್ಪ.

ಬರೆದೆ. ಆಮೇಲೆ ಅವರು ಕೋಟಿನ ಜೇಬಿನಿಂದ ತಮ್ಮ ಸ್ವಂತ ನೋಟ್‌ಬುಕ್ ತೆಗೆದು, ಕೈ ಅಡ್ಡ ಹಿಡಿದು, ನೂರ ನಲವತ್ತು ಎಂದು ಬರೆದುಕೊಂಡರು.